ಸಮಾರಂಭ ಖಾತೆಯ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ: ಈಗ ವೇದಿಕೆಗೆ ಕರೆಯಬೇಕಾದವರು ಮತ್ತು ಮುಂದಿನ ಸಲ ಕರೆಯಬೇಕಾದವರು. ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿರುವ ಅವರ ಹಳೆಯ ಫ್ಲ್ಯಾಟಿಗೆ ಎಸಿ ರಿಪೇರಿಗೆ ಬಂದವನನ್ನೂ ಬಾಗಿಲಲ್ಲೇ ಕೈಮುಗಿದು ಎದುರುಗೊಂಡು, ಸೋಫಾದ ನಟ್ಟನಡುವೆ ಕೂರಿಸಿ, ನನಗೆ ಅವನ ಕಿರುಪರಿಚಯ ಮಾಡಿಕೊಟ್ಟು, ಆಮೇಲಷ್ಟೇ ಕೆಟ್ಟ ಎಸಿ ತೋರಿಸಿದವರು ಅವರು. ಆ ಮಲಯಾಳಿ ಮೆಕ್ಯಾನಿಕ್ ಹೋಗುವಾಗ ನನ್ನನ್ನು ಮೆಲ್ಲಗೆ ಕೇಳಿದ: "ಚೇಚಿ, ಇವಿಡೆ ಇನ್ನ್ ಎಂದಾ ಪರಿಪಾಡಿ?" ಅಕ್ಕ, ಇಲ್ಲಿ ಇವತ್ತು ಏನು ಕಾರ್ಯಕ್ರಮ ಎಂದು ಕೇಳಿದರೆ ಏನು ಹೇಳಲಿ ನಾನು?

ದೋಷ ದೊಡ್ಡಮ್ಮನದಲ್ಲ, ಹುದ್ದೆಯದು. ದೋಹಾದಲ್ಲಿರುವ ನಮ್ಮ ಜಿಲ್ಲಾ ಸಂಘದ 'ಸಮಾರಂಭ ಪ್ರಮುಖ'ರ ಸ್ಥಾನಕ್ಕೆ ಏರಿದ ಮೊದಲ ಹೆಂಗಸು ಅವರು. ಅದಕ್ಕೆ ಮುಂಚೆ ನಮ್ಮ ಸಂಘದಲ್ಲಿ ಹೆಂಗಸರ ಸಾರ್ವಜನಿಕ ಸೇವೆಯೆಂದರೆ ತಟ್ಟೆ ಹಿಡಿಯುವುದು. ಗಂಡಸರು ಗಂಡಸರಿಗೆ ಹಾರ ಹಾಕುವರು, ನಾವು ರೇಷ್ಮೆ ಸೀರೆಯುಟ್ಟು ಹಾರದ ತಟ್ಟೆ ಹಿಡಿದು ನಗಬೇಕು. ಫೋಟೊದಲ್ಲಿ ತಟ್ಟೆ ಬರುತ್ತಿತ್ತು, ನಾವು ಬರುತ್ತಿರಲಿಲ್ಲ. ಈ ಹುದ್ದೆಗೆ ಲೆಕ್ಕಪತ್ರವಿಲ್ಲ, ಮತವಿಲ್ಲ. ಅತಿಥಿಯನ್ನು ಕರೆತಂದು, ದೀಪ ಬೆಳಗಿಸಿ, ಶಾಲು ಹೊದಿಸಿ, ಕಾರಿನವರೆಗೆ ಬಿಟ್ಟುಬಂದರೆ ಮುಗಿಯಿತು. ಅಧಿಕಾರವಿಲ್ಲ ಎಂಬ ಧೈರ್ಯದಿಂದಲೇ ಹೆಂಗಸಿಗೆ ಕೊಟ್ಟರು. ಪಾಪ, ಕೊಟ್ಟ ಮೇಲೆ ಅಧ್ಯಕ್ಷರು ಯಾವ ಕುರ್ಚಿಯಲ್ಲಿ ಕೂರಬೇಕೆಂಬುದನ್ನೂ ದೊಡ್ಡಮ್ಮನೇ ಹೇಳತೊಡಗಿದರು.

ಒಮ್ಮೆ ಸಭಾಂಗಣದ ಸೆಕ್ಯುರಿಟಿಯವನು ದೀಪಕ್ಕೆ ಅಡ್ಡ ನಿಂತ. "ಮಾಫಿ, ಇಲ್ಲ ಮೇಡಂ. ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ." ಕಾರ್ಯದರ್ಶಿಗಳು ಬ್ಯಾಟರಿ ದೀಪ ತರಿಸಲು ಓಡಿದರು. ದೊಡ್ಡಮ್ಮ ದೊಡ್ಡ ಪರಾತದಲ್ಲಿ ಮರಳು ತುಂಬಿಸಿ ತಂದು ಅದರ ಮೇಲೆ ದೀಪವಿಟ್ಟರು. ಕತಾರಿನಲ್ಲಿ ಮರಳಿಗೇನು ಬರ! ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಅವನು ದೀಪದ ಪಕ್ಕದಲ್ಲೇ ನಿಲ್ಲುವುದೆಂದು ರಾಜಿಯಾಯಿತು. ವೇದಿಕೆ ಹತ್ತಿದವರು ಬರಿ ಹೆಗಲಲ್ಲಿ ಇಳಿಯಬಾರದಲ್ಲ? ಅವನಿಗೂ ಒಂದು ಶಾಲು ಬಿತ್ತು. ಮರುದಿನ ವಾಟ್ಸ್ಯಾಪಿನಲ್ಲಿ ಹರಿದಾಡಿದ ಫೋಟೊದಲ್ಲಿ ಮುಖ್ಯ ಅತಿಥಿಗಿಂತ ಅವನೇ ಗಂಭೀರವಾಗಿದ್ದ.

ಭಾಷಣ ನಿಲ್ಲಿಸದವರಿಗೂ ಅವರಲ್ಲಿ ಮದ್ದಿತ್ತು. ಸ್ಮರಣಿಕೆ ಹಿಡಿದು ಪಕ್ಕದಲ್ಲಿ ಹೋಗಿ ನಿಂತುಬಿಡುವುದು. ಎಂಥ ವಾಗ್ಮಿಯೂ ಸ್ಮರಣಿಕೆಗೆ ಕೈಚಾಚಲು ಮಾತು ಮುಗಿಸಲೇಬೇಕು. ಅಧ್ಯಕ್ಷರು ಅದೇ ಮದ್ದನ್ನು ದೊಡ್ಡಮ್ಮನ ಸ್ವಾಗತ ಭಾಷಣಕ್ಕೆ ಪ್ರಯೋಗಿಸಿದರು. ದೊಡ್ಡಮ್ಮ ಸ್ಮರಣಿಕೆ ಸ್ವೀಕರಿಸಿ, ಧನ್ಯವಾದ ಹೇಳಿ, ಭಾಷಣ ಮುಂದುವರಿಸಿದರು.

ಹೀಗಿರುವಾಗ ದೊಡ್ಡಪ್ಪ ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಊರಿಗೆ ಕೊಂಡೊಯ್ದು ಎಲ್ಲ ಕಾರ್ಯ ಮುಗಿಸಿದ ದೊಡ್ಡಮ್ಮ ದೋಹಾಕ್ಕೆ ಮರಳಿದರು. ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಅವರದೇ ಕೆಲಸ, ಅವರದೇ ವೀಸಾ; ಇಲ್ಲಿರಲು ಗಂಡನ ವೀಸಾದ ಹಂಗಿರಲಿಲ್ಲ. ಸಂಘದ ವಾರ್ಷಿಕೋತ್ಸವ ಹತ್ತಿರ ಬಂದಾಗ ಕಾರ್ಯದರ್ಶಿಗಳು ಹಣ್ಣು ಹಿಡಿದು ಮನೆಗೆ ಬಂದರು.

"ಅಕ್ಕ, ಈ ವರ್ಷ ನೀವು ರೆಸ್ಟ್ ತಗೊಳ್ಳಿ."

"ಎಂತಕ್ಕೆ? ನನಗೆ ಜ್ವರ ಉಂಟಾ?"

"ಹಾಗಲ್ಲ ಅಕ್ಕ. ದೀಪ, ಆರತಿ, ಕುಂಕುಮ ಎಲ್ಲ ಇರ್ತದಲ್ಲ. ನಮಗೇನಿಲ್ಲ, ಜನ ಒಂದೊಂದು ಮಾತಾಡ್ತಾರೆ."

"ಜನ ಅಂದ್ರೆ ಯಾರು?"

ಕಾರ್ಯದರ್ಶಿಗಳು ಜನರನ್ನು ಚಹಾದ ಕಪ್ಪಿನಲ್ಲಿ ಹುಡುಕತೊಡಗಿದರು. ಇವರು ಹಗಲೆಲ್ಲ ಗಗನಚುಂಬಿ ಕಟ್ಟಡಗಳ ಸೇಫ್ಟಿ ಆಫೀಸರ್! ಐವತ್ತು ಅಂತಸ್ತಿನ ಬೆಂಕಿಗೆ ಹೆದರದವರು ವಿಧವೆಯ ಒಂದು ಬೆಂಕಿಕಡ್ಡಿಗೆ ಹೆದರಿದರು. ನನಗೆ ಮೈಯೆಲ್ಲ ಉರಿಯಿತು. ದೊಡ್ಡಮ್ಮ ಮಾತ್ರ ಅವರನ್ನು ಲಿಫ್ಟಿನವರೆಗೆ ಬಿಟ್ಟುಬಂದು, ಬಾಗಿಲು ಹಾಕಿ, "ತಟ್ಟೆ ಹಿಡಿಯುವುದಕ್ಕೂ ಆಗದವಳಾದೆ ಅಲ್ವಾ ಮಾರಾಯ್ತಿ" ಎಂದರು.

ದೊಡ್ಡಮ್ಮ ವಾರ್ಷಿಕೋತ್ಸವಕ್ಕೆ ಬರುವುದಿಲ್ಲವೆಂದುಕೊಂಡಿದ್ದೆ. ಬಂದರು, ಪ್ರೇಕ್ಷಕರ ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತರು. ಅವರ ಜಾಗದಲ್ಲಿ ಕಾರ್ಯದರ್ಶಿಗಳ ಹೆಂಡತಿ, ಮೈತುಂಬ ಒಡವೆ, ಕೈತುಂಬ ಬಳೆ. ಮುಖ್ಯ ಅತಿಥಿಯ ಜೊತೆ ಐವರು ಮುತ್ತೈದೆಯರು ದೀಪ ಹಚ್ಚಿದರು. ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು. ಸಭೆಯಲ್ಲಿ ಗುಸುಗುಸು ಎದ್ದಿತು, 'ಅಪಶಕುನ' ಎಂಬ ಮಾತೂ ಕೇಳಿಸಿತು. ಅಪಶಕುನವನ್ನು ಮನೆಯಲ್ಲೇ ಬಿಟ್ಟುಬರಲು ಹೇಳಿದ್ದರು, ಆದರೂ ಇದು ಹೇಗೆ ಒಳಗೆ ಬಂತು?

"ಎಸಿಯ ಗಾಳಿ ನೇರ ದೀಪಕ್ಕೇ ಬೀಳ್ತಾ ಉಂಟು," ದೊಡ್ಡಮ್ಮ ಪಿಸುಗುಟ್ಟಿದರು. ಎದ್ದು ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದರು.

ಆಗ ಕಾರ್ಯದರ್ಶಿಗಳ ಹೆಂಡತಿ ಮೇಣದಬತ್ತಿ ಹಿಡಿದುಕೊಂಡೇ ವೇದಿಕೆಯಿಂದ ಇಳಿದು ಬಂದರು. "ಏ, ಎಲ್ಲಿಗೆ?" ಎಂದ ಗಂಡನನ್ನು ತಿರುಗಿಯೂ ನೋಡಲಿಲ್ಲ. ಎಲ್ಲರೆದುರು ದೊಡ್ಡಮ್ಮನ ಮುಂದೆ ನಿಂತು, "ಅಕ್ಕ, ಏಳಿ. ನಾಳೆ ನನಗೂ ಹೀಗೇ ಮೂಲೆ ತೋರಿಸ್ತಾರೆ. ನೀವೇ ಹಚ್ಚಿ," ಎಂದರು.

ದೊಡ್ಡಮ್ಮ ಎದ್ದರು. ಮೊದಲು ಎಸಿ ನಿಲ್ಲಿಸಿದರು, ಆಮೇಲೆ ದೀಪ ಹಚ್ಚಿದರು, ಆಮೇಲೆ ಅಧ್ಯಕ್ಷರನ್ನು ಸರಿಯಾದ ಕುರ್ಚಿಗೆ ಎಬ್ಬಿಸಿ ಕಳಿಸಿದರು. ಯಾರ ತಲೆಯ ಮೇಲೂ ಆಕಾಶ ಬೀಳಲಿಲ್ಲ. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ತಟ್ಟಿದವರು ಕಾರ್ಯದರ್ಶಿಗಳೇ!

ಮನೆಗೆ ಬರುವಾಗ ಕಾರಿನಲ್ಲಿ ದೊಡ್ಡಮ್ಮ ಕೇಳಿದರು, "ಎಲ್ಲ ಸರಿ ಆಯ್ತಾ?"

"ಚಂದ ಆಯ್ತು ದೊಡ್ಡಮ್ಮ."

"ನನಗೆ ಹೇಗೆ ಗೊತ್ತಾಗ್ಬೇಕು ಹೇಳು. ನಿನ್ನ ದೊಡ್ಡಪ್ಪ ಯಾವಾಗಲೂ ಕೊನೇ ಸಾಲಲ್ಲಿ ಕೂತು ನಿದ್ದೆ ಮಾಡ್ತಿದ್ರು. ಅವರು ನಿದ್ದೆ ಹೋದ್ರೆ ಎಲ್ಲ ಸರಿ ಉಂಟು ಅಂತ ನನಗೆ ಧೈರ್ಯ. ಏನಾದ್ರೂ ಎಡವಟ್ಟಾದ್ರೆ ಮಾತ್ರ ಎದ್ದು ಕೂರ್ತಿದ್ರು. ಇವತ್ತು ದೀಪ ಹಚ್ಚಿ ತಿರುಗಿ ನೋಡಿದೆ..."

ದೊಡ್ಡಪ್ಪ ಹೋದ ದಿನವೂ ಬಂದವರಿಗೆ ಕುರ್ಚಿ ತೋರಿಸುತ್ತಿದ್ದ ದೊಡ್ಡಮ್ಮ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ದುಃಖ ತಡೆಯಲಾಗಲಿಲ್ಲ.

ಸಂಘದ ಮುಂದಿನ ಕಾರ್ಯಕ್ರಮಕ್ಕೆ ನಾನು ಬೇಗ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ದೊಡ್ಡಮ್ಮ ದೀಪ ಹಚ್ಚಿ ತಿರುಗಿ ನೋಡಿದಾಗ ನಾನು ತಲೆ ವಾಲಿಸಿ, ಕಣ್ಣು ಮುಚ್ಚಿ, ಗಾಢ ನಿದ್ದೆಯಲ್ಲಿದ್ದೆ.