ಲಿಫ್ಟ್‌ನಲ್ಲಿ ನಾಟಕ ಆಡುವವರು, ನೋಡುವವರು ಮತ್ತು ಸಿಕ್ಕಿಕೊಳ್ಳುವವರು ಪಾಲಿಸತಕ್ಕ ಕ್ರಮಗಳು

ಇಲಾಖೆಯ ಪ್ರಾದೇಶಿಕ ಕಚೇರಿ, ನಾಸಿಕ್
(ಕಟ್ಟಡ, ಲಿಫ್ಟ್ ಮತ್ತು ನೌಕರರ ಕಲ್ಯಾಣ ಶಾಖೆ)

ಸಂಖ್ಯೆ: ಪ್ರಾಕ/ಕಲಿನೌ/ಏರಿಳಿತ/೧೪/೨೦೦೭-೦೮
ದಿನಾಂಕ: ೧೧-೦೨-೨೦೦೮

ಸುತ್ತೋಲೆ

ವಿಷಯ: ಕಚೇರಿಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಾಗ ಅದರೊಳಗೆ ನಡೆಯುತ್ತಿರುವುದು ನಾಟಕವೋ ಸಂಸಾರವೋ ಎಂಬುದನ್ನು ನಿರ್ಧರಿಸುವ ಬಗ್ಗೆ.

ಉಲ್ಲೇಖ: ೧) ಕನ್ನಡ ನೌಕರರ ಸಂಘದ ಕೋರಿಕೆ ಪತ್ರ.
೨) ಇದೇ ವಿಷಯದ ಮರಾಠಿ ಸುತ್ತೋಲೆ ("ಓದಿದೆವು, ತಿಳಿಯಲಿಲ್ಲ, ಆದರೆ ಒಪ್ಪಿಗೆ ಇದೆ" ಎಂಬ ಸಂಘದ ಷರಾದೊಂದಿಗೆ ವಾಪಸು ಬಂದಿರುವುದು).
೩) ಲೋಡ್ ಶೆಡ್ಡಿಂಗ್ ವೇಳಾಪಟ್ಟಿ (ಕರೆಂಟ್ ಇದನ್ನು ಓದಿಲ್ಲ).

ಉಲ್ಲೇಖ ೨ರ ಅನುಭವದ ಹಿನ್ನೆಲೆಯಲ್ಲಿ ಈ ಸುತ್ತೋಲೆಯನ್ನು ನೇರವಾಗಿ ಕನ್ನಡದಲ್ಲಿಯೇ ಹೊರಡಿಸಲಾಗಿದೆ. ತಿಳಿಯಲಿಲ್ಲ ಎಂಬ ಸಮಜಾಯಿಷಿಯನ್ನು ಇನ್ನು ಮುಂದೆ ಪರಿಗಣಿಸಲಾಗುವುದಿಲ್ಲ.

೧. ಕಚೇರಿಯ ವಾರ್ಷಿಕ ದಿನದಂದು ನಾಟಕವಾಡಲು ಸಂಘವು ಸಭಾಂಗಣವನ್ನು ಕೋರಿತ್ತು. ಸಭಾಂಗಣದಲ್ಲಿ ಹಳೆಯ ಕಡತಗಳು ವಾಸವಾಗಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಯಿತು. ಮೆಟ್ಟಿಲುಗಳಿಗೆ ಹೊಸ ಫರಸಿ ಕಲ್ಲು ಕೂರಿಸುವ ಕಾಮಗಾರಿ ನಡೆದಿದ್ದರಿಂದ ಮೆಟ್ಟಿಲನ್ನೂ ನಿರಾಕರಿಸಲಾಯಿತು. "ಹಾಗಿದ್ದರೆ ಲಿಫ್ಟ್‌ನಲ್ಲಿ ಆಡಿ" ಎಂದು ಈ ಶಾಖೆಯು ತಮಾಷೆಗೆ ಬರೆದ ಟಿಪ್ಪಣಿಯನ್ನು ಸಂಘವು ಅನುಮತಿಯೆಂದು ಭಾವಿಸಿತು. ಕಚೇರಿ ಕಡತದಲ್ಲಿ ತಮಾಷೆಯನ್ನು ಇನ್ನು ಮುಂದೆ ಮೇಲಧಿಕಾರಿಗಳ ಪೂರ್ವಾನುಮೋದನೆ ಪಡೆದೇ ಮಾಡತಕ್ಕದ್ದು.

೨. 'ಏರಿಳಿತ' ಎಂಬ ಸದರಿ ನಾಟಕದಲ್ಲಿ ಮಾತಿರಲಿಲ್ಲ, ಮೈಯ ಚಲನೆ ಮಾತ್ರ ಇತ್ತು. ಲಿಫ್ಟ್‌ನ ಬಾಗಿಲು ಕಬ್ಬಿಣದ ಜಾಲರಿಯಾಗಿರುವುದರಿಂದ, ಅದು ಮೇಲೆ ಕೆಳಗೆ ಹೋಗುವಾಗ ಆಯಾ ಮಹಡಿಯ ನೌಕರರು ತಮ್ಮ ಮಹಡಿಯಲ್ಲೇ ನಿಂತು, ತಮ್ಮ ಪಾಲಿಗೆ ಬಂದಷ್ಟನ್ನು ನೋಡುವ ಏರ್ಪಾಡು. ನಿರ್ದೇಶನ ಹಾಗೂ ನಾಯಕಿಯ ಪಾತ್ರ ಲೆಕ್ಕಪತ್ರ ಶಾಖೆಯ ಶ್ರೀಮತಿ ಮೃದುಲಾ ಅವರದು. ನಾಯಕ, ಆಡಳಿತ ಶಾಖೆಯ ಶ್ರೀ ನಚಿಕೇತ. ಲಿಫ್ಟ್ ನಡೆಸುವ ಶ್ರೀ ದತ್ತು ಅವರು ಎಂದಿನಂತೆ ತಮ್ಮ ಸ್ಟೂಲಿನ ಮೇಲೆ ಕುಳಿತಿದ್ದರು. ಅವರಿಗೆ ಪಾತ್ರವಿರಲಿಲ್ಲ.

೩. ಶ್ರೀಮತಿ ಮೃದುಲಾ ಮತ್ತು ಶ್ರೀ ನಚಿಕೇತ ಧಾರವಾಡದಿಂದ ವರ್ಗವಾಗಿ ಬಂದ ಗಂಡಹೆಂಡತಿ. ಘಟನೆಯ ವೇಳೆಗೆ ಇವರು ಪರಸ್ಪರ ಮಾತು ಬಿಟ್ಟು ಕೆಲಕಾಲವಾಗಿತ್ತು. ಶ್ರೀ ನಚಿಕೇತ ಅವರು ಇಬ್ಬರ ಪರವಾಗಿ ಹುಬ್ಬಳ್ಳಿಗೆ ವರ್ಗಾವಣೆ ಕೋರಿ ಅರ್ಜಿ ಹಾಕಿದ ವಿಷಯವು ಶ್ರೀಮತಿ ಮೃದುಲಾ ಅವರಿಗೆ, ಕ್ಯಾಂಟೀನಿನವನು "ವರ್ಗಾವಣೆಯ ಪೇಢೆ ಯಾವಾಗ ಮೇಡಂ?" ಎಂದು ಕೇಳಿದಾಗ ತಿಳಿದುಬಂತು. ಅಂದೇ ಸಂಜೆ ಅವರು ಸಹೋದ್ಯೋಗಿ ನಿರುಪಮಾ ಅವರ ಮನೆಗೆ ಹೋಗಿ ಅಲ್ಲೇ ಉಳಿದರು. ಇಂಥ ಸ್ಥಿತಿಯಲ್ಲಿ ಜೋಡಿಯಾಗಿ ಅಭಿನಯಿಸುವುದು ಹೇಗೆಂದು ಈ ಶಾಖೆಯು ವಿಚಾರಿಸಿದ್ದಕ್ಕೆ, "ಮಾತಿಲ್ಲದ ನಾಟಕ, ಮಾತು ಬಿಟ್ಟವರಿಗೆ ಅಡ್ಡಿಯೇನು?" ಎಂದು ಸಂಘವು ಉತ್ತರಿಸಿತು. ಈ ಉತ್ತರದಲ್ಲಿ ಯಾವುದೇ ನ್ಯೂನತೆ ಕಂಡುಬರಲಿಲ್ಲ.

೪. ಪ್ರದರ್ಶನದ ಮಧ್ಯೆ ಕರೆಂಟ್ ಹೋಗಿ, ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಗಳ ನಡುವೆ ನಿಂತಿತು. ಪರಿಣಾಮವಾಗಿ ಮೂರನೇ ಮಹಡಿಯವರಿಗೆ ನೆಲಮಟ್ಟದಲ್ಲಿ ನಟರ ಮುಖಗಳೂ, ಎರಡನೇ ಮಹಡಿಯವರಿಗೆ ಚಾವಣಿಯ ಬಳಿ ಪಾದಗಳೂ ಕಾಣತೊಡಗಿದವು. ಇದನ್ನು ನಿರ್ದೇಶಕಿಯ ಚಮತ್ಕಾರವೆಂದು ಭಾವಿಸಿ ಎರಡೂ ಮಹಡಿಗಳು ಚಪ್ಪಾಳೆ ತಟ್ಟಿದವು.

೫. ಮೊದಲು ಗಾಬರಿಯಾದವರು ಶ್ರೀ ದತ್ತು. ಅವರು ಎದ್ದು ನಿಂತು, ಜಾಲರಿ ಹಿಡಿದು, "ಸಾಹೇಬ್, ಮೀ ನಾಟಕಾತ್ ನಾಹೀ!" ಎಂದು ಕೂಗಿದರು. ತಾವು ನಾಟಕದಲ್ಲಿ ಇಲ್ಲವೆಂಬುದು ಇದರ ಅರ್ಥ. ಇದಕ್ಕೆ ಆ ದಿನದ ಅತಿ ದೀರ್ಘ ಚಪ್ಪಾಳೆ ಬಿತ್ತು. ನಂತರ ಶ್ರೀಮತಿ ಮೃದುಲಾ, "ನಾಟಕ ನಿಂತದರೀ! ಕರೆಂಟ್ ಹೋಗ್ಯದ! ಯಾರರ ಮೆಕ್ಯಾನಿಕ್‌ಗೆ ಫೋನ್ ಮಾಡ್ರಿ!" ಎಂದರು. ಮೂರನೇ ಮಹಡಿಯಲ್ಲಿ ನೆಲದ ಮೇಲೆ ಬೋರಲಾಗಿ ಮಲಗಿ ವೀಕ್ಷಿಸುತ್ತಿದ್ದ ಉಪನಿರ್ದೇಶಕ ಶ್ರೀ ಜಯಂತ್ ಅವರು ಪಕ್ಕದವರಿಗೆ, "ನೋಡಿ, ಮೂಕಪಾತ್ರಕ್ಕೆ ಮಾತು ಬಂತು. ಎಂಥಾ ತಿರುವು!" ಎಂದರು. ಯಾರೂ ಫೋನ್ ಮಾಡಲಿಲ್ಲ.

೬. ಒಂದು ಮಹಡಿಯವರು ಇನ್ನೊಂದು ಮಹಡಿಗೆ ಹೋಗಿ ವಿಚಾರಿಸಬಹುದಾಗಿತ್ತು. ಆದರೆ ಸಿಂದಗಿ ಕಡೆಯ ಫರಸಿ ಕೆಲಸದ ಚನಬಸವ್ವ ಅವರು ಮೆಟ್ಟಿಲಿಗೆ ಅಡ್ಡ ನಿಂತು, "ಹಸಿ ಐತ್ರಿ! ಕಾಲಿಟ್ರ ಅಚ್ಚು ಬೀಳ್ತೈತಿ. ಬೇಕಾದ್ರ ನಾಳಿ ಬಂದು ಕೇಳ್ರಿ," ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸಿದರು. ಅವರ ಮೇಲೆ ಯಾವುದೇ ಕ್ರಮ ಜರುಗಿಸುವುದಿಲ್ಲ. ಫರಸಿ ಚೆನ್ನಾಗಿ ಕೂತಿದೆ.

೭. ತದನಂತರ ಲಿಫ್ಟ್‌ನಲ್ಲಿ ನಡೆದ ಸಂಭಾಷಣೆಯನ್ನು ಮೂರನೇ ಮಹಡಿಯ ಶೀಘ್ರಲಿಪಿಗಾರ್ತಿ ಶ್ರೀಮತಿ ಅಲಕಾ ಅವರು ಅಭ್ಯಾಸಬಲದಿಂದ ಬರೆದುಕೊಂಡಿದ್ದು, ಕೆಳಕಂಡಂತಿದೆ:

ಶ್ರೀ ನಚಿಕೇತ: "ಈಗರ ಮಾತಾಡು. ಇಲ್ಲಿಂದ ಎಲ್ಲಿ ಹೋಗ್ತಿ?"
ಶ್ರೀಮತಿ ಮೃದುಲಾ: "ಹುಬ್ಬಳ್ಳಿಗಂತೂ ಹೋಗಂಗಿಲ್ಲ."
ಶ್ರೀ ನಚಿಕೇತ: "ನೀನ ಊರು ಊರು ಅಂತ ಅಳ್ತಿದ್ದಿ. ಅದಕ್ಕ ಅರ್ಜಿ ಹಾಕಿದೆ."
ಶ್ರೀಮತಿ ಮೃದುಲಾ: "ಅದು ಬಂದ ಹೊಸದಾಗ್ರೀ! ಮೂರು ವರ್ಷದ ಹಿಂದಿನ ಅಳು ಹಿಡಕೊಂಡು ಈಗ ಅರ್ಜಿ ಹಾಕ್ತಾರೇನು? ಈಗ ನನಗ ಇಲ್ಲಿ ನಾಟಕದ ಮಂದಿ ಇದ್ದಾರ. ಕಾಯಿಪಲ್ಲೆ ಮಾರೋ ಮಾವಶಿ ನನ್ನ ಹೆಸರು ಹಿಡದು ಕರೀತಾಳ. ಸಂಜಿಮುಂದ ಗೋದಾವರಿ ಕಡೆ ಹೋದ್ರ ನನಗ ಯಾ ಊರೂ ನೆನಪಾಗಂಗಿಲ್ಲ. ಒಂದು ಮಾತು ಕೇಳಿದ್ರ ಏನಾಗ್ತಿತ್ತು?"
ಶ್ರೀ ನಚಿಕೇತ: "ಕೇಳಿದ್ರ ಮತ್ತ ಅಳ್ತಿ ಅಂತ ಅಂಜಿದೆ."

ಇಲ್ಲಿ ಶ್ರೀಮತಿ ಅಲಕಾ ಅವರ ಪೆನ್ಸಿಲ್ ನಿಂತಿದೆ. ಶ್ರೀ ದತ್ತು ಅವರು ಕನ್ನಡ ಬಾರದಿದ್ದರೂ ಸಂಗತಿ ತಿಳಿದು, ಗೋಡೆಯ ಕಡೆಗೆ ಮುಖ ತಿರುಗಿಸಿ ಕುಳಿತರು. ಇದನ್ನು ಮೂರನೇ ಮಹಡಿಯು ಅತ್ಯುತ್ತಮ ಪೋಷಕ ಅಭಿನಯವೆಂದು ಶಿಫಾರಸು ಮಾಡಿದೆ.

೮. ಮೂರನೇ ಮಹಡಿಯ ವರದಿಯ ಪ್ರಕಾರ ನಡೆದದ್ದು ದುರಂತ ನಾಟಕ. ನಾಯಕಿಯ ಮುಖವು ಕೊನೆಯವರೆಗೂ ಬಿಗಿದುಕೊಂಡೇ ಇತ್ತು. ಆದರೆ ಪಕ್ಕದಲ್ಲೇ ಫರಸಿ ಬಡಿಯುವ ಸದ್ದಿನಲ್ಲಿ ಒಂದು ಮಾತೂ ಕೇಳಿಸದ ಎರಡನೇ ಮಹಡಿಯ ವರದಿ ಬೇರೆಯಿದೆ. ಅಲ್ಲಿನ ಹಿರಿಯ ಬೆರಳಚ್ಚುಗಾರ್ತಿ, ಬಾಗಲಕೋಟೆಯ ಶ್ರೀಮತಿ ಭುವನೇಶ್ವರಿ ಅವರ ಹೇಳಿಕೆ: "ನಾವು ಕಾಲಷ್ಟ ನೋಡೀವ್ರಿ. ಮೊದ್ಲ ಆಕಿ ಕಾಲು ಇತ್ಲಾಗ ತಿರುಗಿದ್ದು, ಅವರದು ಅತ್ಲಾಗ. ಆಮ್ಯಾಲ ಆಕಿ ಬಲಗಾಲು ಮೆಲ್ಲಕ ಸರಕೊಂಡು ಹೋಗಿ ಅವರ ಕಾಲಿನ ಮ್ಯಾಲ ಕುಂತಿತು. ತೆಗೀಲೇ ಇಲ್ರಿ. ಹಸದಿರಬೇಕು ಅಂತ ನಾನು ಸ್ಟೂಲ್ ಹತ್ತಿ ಜಾಲರಿಯಾಗ ಕಡಕ್ ರೊಟ್ಟಿ ತೂರಿಸಿದೆ. ಬದನಿಕಾಯಿ ಪಲ್ಯ ತೂರಲಿಲ್ಲ."

೯. ಕರೆಂಟ್ ಬಂದು ಲಿಫ್ಟ್ ಮೂರನೇ ಮಹಡಿ ತಲುಪಿದಾಗ ಪ್ರೇಕ್ಷಕರು "ಒನ್ಸ್ ಮೋರ್" ಎಂದು ಒತ್ತಾಯಿಸಿದರು. ಶ್ರೀಮತಿ ಮೃದುಲಾ ಅವರು ಕಣ್ಣೊರೆಸಿಕೊಂಡು, "ಇದು ಒಂದ ಸಲದ್ದರೀ," ಎಂದು ಹೇಳಿ, ರೊಟ್ಟಿಯ ಅರ್ಧವನ್ನು ಗಂಡನ ಕೈಗೆ ಕೊಟ್ಟು ಹೊರಬಂದರು.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಗಿನಂತೆ ಈ ಮೂಲಕ ಆದೇಶಿಸಲಾಗಿದೆ:

೧೦. ಸೊಂಟದ ಮೇಲಿನ ಭಾವನೆಗಳು ಮೂರನೇ ಮಹಡಿಯ ವ್ಯಾಪ್ತಿಗೂ, ಕೆಳಗಿನವು ಎರಡನೇ ಮಹಡಿಯ ವ್ಯಾಪ್ತಿಗೂ ಒಳಪಡುತ್ತವೆ. ಮುಖ ಮತ್ತು ಪಾದಗಳ ನಡುವೆ ಭಿನ್ನಾಭಿಪ್ರಾಯ ಬಂದಲ್ಲಿ ಪಾದಗಳ ಹೇಳಿಕೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಮೊಣಕಾಲುಗಳು ತಟಸ್ಥವಾಗಿರತಕ್ಕದ್ದು.

೧೧. ಲಿಫ್ಟ್‌ನ ಭಾರಮಿತಿಯ ಲೆಕ್ಕಕ್ಕಾಗಿ, ಅದರಲ್ಲಿ ಜಿಗಿಯುವ ಪ್ರತಿಯೊಬ್ಬ ನಟರನ್ನು ನೆಲಕ್ಕೆ ಬೀಳುವಾಗ ಇಬ್ಬರೆಂದು ಎಣಿಸಲಾಗುವುದು. ಗಾಳಿಯಲ್ಲಿರುವಾಗ ಅವರನ್ನು ಗೈರುಹಾಜರೆಂದು ಪರಿಗಣಿಸಿ ಆ ಅವಧಿಯನ್ನು ಸಾಂದರ್ಭಿಕ ರಜೆಯಲ್ಲಿ ಕಡಿತ ಮಾಡಲಾಗುವುದು.

೧೨. ನಾಟಕದಲ್ಲಿ ಇಲ್ಲದವರು "ನಾನು ನಾಟಕದಲ್ಲಿ ಇಲ್ಲ" ಎಂಬ ಫಲಕವನ್ನು ಮೂರು ಭಾಷೆಗಳಲ್ಲಿ ಕೊರಳಿಗೆ ಹಾಕಿಕೊಳ್ಳತಕ್ಕದ್ದು. ನಾಟಕದಲ್ಲಿ ಇಲ್ಲದವನ ಪಾತ್ರ ಮಾಡುವ ನಟರು ಅದೇ ಫಲಕವನ್ನು ತಲೆಕೆಳಗಾಗಿ ಹಾಕಿಕೊಳ್ಳತಕ್ಕದ್ದು. ಶ್ರೀ ದತ್ತು ಅವರಿಗೆ ಎರಡೂ ಬಗೆಯ ಫಲಕಗಳನ್ನು ಮಂಜೂರು ಮಾಡಲಾಗಿದೆ.

೧೩. ಸಹಾಯಕ್ಕಾಗಿ ಕೂಗುವವರು, ಕೂಗು ನಿಜವಾದದ್ದೆಂಬ ದೃಢೀಕರಣವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಿದ ನಂತರವೇ ಕೂಗತಕ್ಕದ್ದು. ಜಾಲರಿಯಿಂದ ಹೊರಗೆ ಬಾರದಷ್ಟು ದಪ್ಪದ ಕಾಗದವನ್ನು ಬಳಸತಕ್ಕದ್ದಲ್ಲ.

೧೪. ದಂಪತಿಗಳು ರಾಜಿಯಾಗಲು ಲೋಡ್ ಶೆಡ್ಡಿಂಗ್ ಅವಧಿಯನ್ನು ಮಾತ್ರ ಬಳಸಿಕೊಳ್ಳತಕ್ಕದ್ದು. ಕರೆಂಟ್ ಬಂದ ಮೇಲೂ ರಾಜಿ ಮುಂದುವರಿದಲ್ಲಿ ಲಿಫ್ಟ್ ಖಾಲಿ ಮಾಡತಕ್ಕದ್ದು.

೧೫. ಮೂರನೇ ಮಹಡಿಯ ನೆಲದ ಮೇಲೆ ಮಲಗಿದ್ದಲ್ಲಿಯೇ ಉಪನಿರ್ದೇಶಕರು ಅತ್ತಿದ್ದು ಪ್ರೇಕ್ಷಕರಾಗಿಯೋ ಪದನಿಮಿತ್ತವಾಗಿಯೋ ಎಂಬುದಕ್ಕೆ ಅವರಿಂದ ವಿವರಣೆ ಕೇಳಲಾಗಿತ್ತು. "ಗೊತ್ತಿಲ್ಲ. ನಾನೂ ಮನೆಯಲ್ಲಿ ಕೇಳದೆ ಒಂದು ಅರ್ಜಿ ಹಾಕಿದ್ದೇನೆ" ಎಂದು ಅವರು ಬರೆದುಕೊಟ್ಟಿದ್ದಾರೆ. ಅವರಿಗೆ ಅರ್ಧ ದಿನದ ರಜೆ ಮಂಜೂರಾಗಿದೆ.

೧೬. ಹುಬ್ಬಳ್ಳಿ ವರ್ಗಾವಣೆಯ ಅರ್ಜಿಯನ್ನು ಶ್ರೀ ನಚಿಕೇತ ಅವರು ಹಿಂಪಡೆದಿದ್ದಾರೆ. ಹಿಂಪಡೆಯುವ ಪತ್ರದ ಮೇಲೆ ಶ್ರೀಮತಿ ಮೃದುಲಾ ಅವರ ಸಹಿಯೂ ಇದೆ. ನಿಯಮಾನುಸಾರ ಅದರ ಅಗತ್ಯವಿರಲಿಲ್ಲ.

ಈ ಆದೇಶವು ಕರೆಂಟ್ ಇರುವವರೆಗೆ ಜಾರಿಯಲ್ಲಿರುತ್ತದೆ.

ಸಹಿ/-
ಶಾಖಾಧಿಕಾರಿ
ಕಟ್ಟಡ, ಲಿಫ್ಟ್ ಮತ್ತು ನೌಕರರ ಕಲ್ಯಾಣ ಶಾಖೆ

ಪ್ರತಿಗಳು:
೧. ಎರಡನೇ ಮಹಡಿಯ ಸೂಚನಾಫಲಕಕ್ಕೆ: ಕಾಲಿನ ಎತ್ತರದಲ್ಲಿ ಅಂಟಿಸುವುದು.
೨. ಔರಂಗಾಬಾದ್ ಶಾಖೆಗೆ: ಅಲ್ಲಿ ಲಿಫ್ಟ್ ಇಲ್ಲ, ಮಾಹಿತಿಗಾಗಿ.
೩. ಮನ್ಮಾಡ್ ಉಪಶಾಖೆಗೆ: ಅಲ್ಲಿ ಮಹಡಿಯೇ ಇಲ್ಲ, ಕೇವಲ ಸೌಜನ್ಯಕ್ಕಾಗಿ.
೪. ಶ್ರೀಮತಿ ನಿರುಪಮಾ ಅವರಿಗೆ: ಅವರ ಮನೆಯಲ್ಲಿ ಒಂದು ಕೋಣೆ ತೆರವಾಗಿರುವುದನ್ನು ದಾಖಲಿಸುತ್ತಾ.
೫. ಶ್ರೀಮತಿ ಮೃದುಲಾ ಮತ್ತು ಶ್ರೀ ನಚಿಕೇತ ಅವರಿಗೆ: ಇಬ್ಬರಿಗೂ ಸೇರಿ ಒಂದೇ ಪ್ರತಿ.