ಸಸ್ಯಾಹಾರಿ ಮನೆಯ ಬೇಟೆ ಗಾಡಿ

ನಮ್ಮ ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದಿದ್ದೇ ಇಲ್ಲ. ಮಿಕ್ಸಿ ಬಂದರೂ ಒಂದು ಕಥೆ, ಮಂಚ ಬಂದರೂ ಒಂದು ಕಥೆ. ನ್ಯೂಜಿಲೆಂಡಿನ ಈ ಲೋವರ್ ಹಟ್‌ಗೆ ಬಂದು ಹನ್ನೆರಡು ವರ್ಷವಾಯಿತು, ಒಂದಾದರೂ ಮರ್ಯಾದೆಯಾಗಿ ಅಂಗಡಿಯಿಂದ ಬಂದು ಮೂಲೆಯಲ್ಲಿ ಕೂತಿದ್ದರೆ ಕೇಳಿ. ಅಂಥದ್ದರಲ್ಲಿ ಹೋದ ವರ್ಷ ಬಂದಿದ್ದು ಬೇಟೆಗೆ ಹೋಗುವ ಫೋರ್ ವೀಲ್ ಡ್ರೈವ್ ಗಾಡಿ. ಅದೂ ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಮೂರು ಸಲ ಕೇಳುವ ನಮ್ಮ ಮನೆಗೆ!

ಕಾರಣ ನಮ್ಮ ಯಜಮಾನರು. ಮೈಸೂರಿನ ಎಂಜಿನಿಯರ್. ಜಿರಳೆ ಕಂಡರೆ ಪೊರಕೆಯನ್ನು ನನ್ನ ಕೈಗೆ ಕೊಟ್ಟು ಆಚೆ ಹೋಗಿ ನಿಲ್ಲುವ ಮನುಷ್ಯ. ಇಷ್ಟು ವರ್ಷದಲ್ಲಿ ಆಫೀಸಿನವರು ಇವರನ್ನು ಊಟದ ಟೇಬಲ್ ದಾಟಿ ಎಲ್ಲಿಗೂ ಕರೆದಿರಲಿಲ್ಲ. ಸೋಮವಾರ ಬೆಳಗ್ಗೆ ಒಬ್ಬ ಮೀನು ಹಿಡಿದಿದ್ದು, ಇನ್ನೊಬ್ಬ ಜಿಂಕೆ ಹೊಡೆದಿದ್ದು ಹೇಳುವಾಗ ಇವರು "ನಾವು ಬಿಸಿಬೇಳೆಬಾತ್ ಮಾಡಿದ್ವಿ" ಅನ್ನಬೇಕಾಗಿತ್ತು. ಮನೆಗೆ ಬಂದು ಅದನ್ನು ಹೇಳುವಾಗ ನಗುತ್ತಲೇ ಹೇಳುತ್ತಿದ್ದರು, ಆದರೆ ಒಳಗೆ ಬೇಜಾರಿತ್ತು, ನನಗೆ ಗೊತ್ತು.

ಫೆಬ್ರವರಿಯಲ್ಲಿ ಇವರ ಮ್ಯಾನೇಜರೇ ಬಂದು, "ಮೇ ಮೊದಲನೇ ಶನಿವಾರ ಬಾತುಕೋಳಿ ಬೇಟೆ ಶುರು. ವೈರಾರಾಪದಲ್ಲಿ ನಮ್ಮಣ್ಣನ ಫಾರ್ಮ್ ಇದೆ, ಬರ್ತೀಯಾ?" ಅಂದನಂತೆ.

"ನನಗೆ ಬಂದೂಕಿನ ಲೈಸೆನ್ಸ್ ಇಲ್ಲ."

"ಪರವಾಗಿಲ್ಲ. ನಿಜವಾದವನ್ನ ಸೆಳೆಯೋಕೆ ಪ್ಲಾಸ್ಟಿಕ್ ಬಾತುಕೋಳಿಗಳನ್ನ ನೀರಿಗೆ ಬಿಡೋಕೆ ಒಬ್ಬ ಬೇಕು. ಆದ್ರೆ ನಿನ್ನ ಪುಟ್ಟ ಕಾರು ಆ ಕೆಸರಲ್ಲಿ ಬರಲ್ಲ. ಫೋರ್ ವೀಲ್ ಡ್ರೈವ್ ತಗೊಂಡು ಬಾ."

ಅಷ್ಟೇ. ನನ್ನನ್ನು ನೋಡಲು ಬಂದು ನಾನು ಒಪ್ಪಿದ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ. ಮೇ ಒಳಗೆ ಕಡಿಮೆ ಬೆಲೆಗೆ ಗಾಡಿ ಸಿಗಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ ಅಂತ ಇವರ ಹೆದರಿಕೆ. ಜೊತೆಗೆ ಇನ್ನೊಂದು ಪೇಚು. ಆರು ತಿಂಗಳಿಗೆ ಅಂತ ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಬೇಟೆಯ ಸುದ್ದಿ ಗೊತ್ತಾಗಬಾರದು. ಅವರು ಸೊಳ್ಳೆ ಕೂತರೂ ಊದಿ ಕಳಿಸುವವರು.

"ಫ್ರೆಂಡ್ ಫಾರ್ಮ್ ನೋಡೋಕೆ ಹೋಗ್ಬೇಕಮ್ಮ, ದಾರಿ ಸರಿಯಿಲ್ಲ" ಅಂದರು ಇವರು.

"ಹೌದೇನೋ" ಅಂದು ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಕೂತರು.

ಮೂವತ್ತೆಂಟು ಕಾಲಂ

ಬೇರೆಯವರು ಗಾಡಿ ಕೊಳ್ಳಬೇಕಾದರೆ ಗಾಡಿ ನೋಡುತ್ತಾರೆ. ನಮ್ಮವರು ಲ್ಯಾಪ್‌ಟಾಪ್ ತೆಗೆದರು. ಸೆಕೆಂಡ್ ಹ್ಯಾಂಡ್ ಗಾಡಿಗಳ ಜಾಹೀರಾತನ್ನೆಲ್ಲ ಹೆಕ್ಕಿ ಒಂದು ಸ್ಪ್ರೆಡ್‌ಶೀಟ್ ಮಾಡಿದರು. ನೆಲದಿಂದ ಎಷ್ಟು ಎತ್ತರ, ಎಷ್ಟು ಆಳದ ನೀರು ದಾಟುತ್ತೆ, ತುಕ್ಕು ಎಲ್ಲಿ, ಡೀಸೆಲ್ ಎಷ್ಟು ಕುಡಿಯುತ್ತೆ, ಟೈರಿನ ಹಲ್ಲು ಎಷ್ಟು ಉಳಿದಿದೆ, ಹೀಗೆ ಮೂವತ್ತೆಂಟು ಕಾಲಂ. ಒಂದೊಂದಕ್ಕೂ ಮಾರ್ಕ್ಸು. ಮೂರು ವಾರ ಅನ್ನ ಸಾರು ತಣ್ಣಗಾದವು.

ಕೊನೆಗೆ ಒಂದು ಭಾನುವಾರ ಫಸ್ಟ್ ರ್‍ಯಾಂಕ್ ಬಂದ ಗಾಡಿಯ ಮಾಲೀಕನಿಗೆ ಫೋನ್ ಹಚ್ಚಿದರು.

"ಮಾರಿ ಮೂರು ವಾರ ಆಯ್ತು, ಮೇಟ್."

ಸೆಕೆಂಡ್ ರ್‍ಯಾಂಕೂ ಹೋಗಿತ್ತು. ಥರ್ಡ್ ರ್‍ಯಾಂಕಿನವನು, "ಅಯ್ಯೋ, ನಿಮ್ಮ ಹಾಗೇ ಮಾತಾಡೋ ಒಬ್ಬ ಬಂದಿದ್ದ, ಟೈರಿಗೆ ಎರಡು ಸಲ ಒದ್ದ, ಹತ್ತು ನಿಮಿಷಕ್ಕೆ ತಗೊಂಡು ಹೋದ" ಅಂದ.

ಇವರು ಫೋನಿಟ್ಟು ಗಂಭೀರವಾಗಿ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತರು. ಪಾಪ, ಬುದ್ಧಿ ಬಂತು ಅಂದುಕೊಂಡು ಹೋಗಿ ಇಣುಕಿದೆ. ಮೂವತ್ತೊಂಬತ್ತನೇ ಕಾಲಂ ಸೇರಿಸುತ್ತಿದ್ದರು: "ಈಗಾಗಲೇ ಮಾರಿದ್ದಾರೆಯೇ?"

ಎರಡು ಮೂಟೆ ಅಕ್ಕಿ

ಆಮೇಲೆ ನಾನೇ ಒಂದು ಜಾಹೀರಾತು ಹುಡುಕಿದೆ. ಊರಾಚೆ ಒಬ್ಬ ರೈತನ ಹತ್ತಿರ ಹಳೇ ಯೂಟ್ ಇತ್ತು. ಯೂಟ್ ಅಂದರೆ ಮುಂದೆ ಕಾರು, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ. ಇಪ್ಪತ್ತು ವರ್ಷ ಹಳೇದು, ಬಾಗಿಲು ಮಾತ್ರ ಒಂದಕ್ಕೊಂದು ಬೇರೆ ಬಣ್ಣ. ನಮ್ಮ ಬಜೆಟ್ಟಿಗೆ ಅದೇ ಸರಿ.

ತಾನು ನೋಡದೆ ಮನೆಗೆ ಗಾಡಿ ಬರಕೂಡದು ಅಂತ ಅತ್ತೆಯೂ ಹೊರಟರು. ರೇಷ್ಮೆ ಸೀರೆ, ಅದರ ಮೇಲೆ ನನ್ನ ಪಫರ್ ಜಾಕೆಟ್, ಕೈಯಲ್ಲಿ ಮಣೆ. ಯಾಕೆ ಅಂದರೆ "ಎತ್ತರದ ಗಾಡಿ ಅಂದ್ಯಲ್ಲ, ಹತ್ತೋದು ಬೇಡ್ವಾ?" ಅಂದರು. ಆ ರೈತ ಏನೂ ಕೇಳದೆ ಮಣೆ ಇಟ್ಟು, ಕೈಕೊಟ್ಟು ಹತ್ತಿಸಿ, ಇಳಿಸಿದ. ಆಮೇಲೆ ಹಿಂದಿನ ತೊಟ್ಟಿ ತಟ್ಟಿ, "ಇದರಲ್ಲಿ ಎರಡು ಜಿಂಕೆ ಆರಾಮಾಗಿ ಮಲಗ್ತವೆ" ಅಂದ.

"ಏನಂತೋ?" ಅತ್ತೆ ಕೇಳಿದರು.

"ಎರಡು ಮೂಟೆ ಅಕ್ಕಿ ಹಿಡಿಯುತ್ತಂತಮ್ಮ."

ಅಷ್ಟರಲ್ಲಿ ಅತ್ತೆ ತೊಟ್ಟಿಯೊಳಗೆ ಬಗ್ಗಿದ್ದರು. ಮೂಲೆಯಲ್ಲಿ ಅಂಗೈಯಗಲ ಕಂದುಗೆಂಪು ಕಲೆ!

"ಇದೇನೋ ಇದು ಕೆಂಪಗೆ?"

ಆಫೀಸಿನ ಮೀಟಿಂಗಲ್ಲಿ ಒಂದು ಪ್ರಶ್ನೆಗೆ ಹತ್ತು ನಿಮಿಷ ಯೋಚಿಸುವ ನಮ್ಮವರು ಆವತ್ತು ಕಣ್ಣು ಮಿಟುಕಿಸುವುದರೊಳಗೆ ಹೇಳಿದರು: "ಕುಂಕುಮ ಅಮ್ಮ. ಅವರೂ ಗಾಡಿಗೆ ಪೂಜೆ ಮಾಡ್ತಾರಂತೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಇನ್ನಷ್ಟು ಬಗ್ಗಿ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ದೂರದಿಂದಲೇ ಭಕ್ತಿಯಿಂದ ಕೈಮುಗಿದರು. ಅದನ್ನು ನೋಡಿ ಆ ರೈತನೂ ಟೋಪಿ ತೆಗೆದ.

ಹತ್ತು ಹೆಜ್ಜೆ

ಇನ್ನು ಬೆಲೆ. ರೈತ ಹೇಳಿದಷ್ಟನ್ನೂ ಕೊಡಲು ಇವರು ತಯಾರಾಗಿದ್ದರು. ಅತ್ತೆ ಬಿಡುತ್ತಾರೆಯೇ? "ದೇವರಾಜ ಮಾರ್ಕೆಟಲ್ಲಿ ನಲವತ್ತು ವರ್ಷ ತರಕಾರಿ ತಂದಿದೀನಿ. ಅರ್ಧಕ್ಕೆ ಕೇಳು. ಕೊಡಲ್ಲ ಅಂದ್ರೆ ಬೇಡ ಅಂತ ಹೊರಟುಬಿಡೋದು. ಹತ್ತು ಹೆಜ್ಜೆ ಹಾಕೋದ್ರೊಳಗೆ ಅವನೇ ಕೂಗ್ತಾನೆ."

ಇವರು ನಾಚಿಕೊಂಡು ಅರ್ಧಕ್ಕೆ ಕೇಳಿದರು. ರೈತ ನಗುತ್ತಾ "ಇಲ್ಲ, ಮೇಟ್" ಅಂದ. ಸರಿ, ಮೂವರೂ ತಿರುಗಿ ಗೇಟಿನ ಕಡೆ ನಡೆದೆವು.

"ತಿರುಗಿ ನೋಡ್ಬೇಡಿ" ಅತ್ತೆ ಪಿಸುಗುಟ್ಟಿದರು. ಹತ್ತು ಹೆಜ್ಜೆಯಾಯಿತು. ಇಪ್ಪತ್ತಾಯಿತು. ಸದ್ದಿಲ್ಲ. "ಸ್ವಲ್ಪ ನಿಧಾನ" ಅಂದರು. ಮದುಮಗಳ ಹಾಗೆ ಅಡಿ ಮೇಲೆ ಅಡಿ ಇಟ್ಟುಕೊಂಡು ಗೇಟು ದಾಟಿದೆವು, ಗುಡ್ಡದ ತಿರುವೂ ದಾಟಿದೆವು. ಕುರಿಗಳು ಬಿಟ್ಟರೆ ಯಾರೂ ಕೂಗಲಿಲ್ಲ. ಆಗ ನನಗೆ ನೆನಪಾಯಿತು, ನಮ್ಮ ಕಾರು ಅವನ ಅಂಗಳದಲ್ಲೇ ನಿಂತಿದೆ!

ಬೇರೆ ದಾರಿಯೇ ಇರಲಿಲ್ಲ, ಸೋತ ಮುಖ ಹೊತ್ತು ವಾಪಸ್ ಬಂದೆವು. ರೈತ ನಾಲ್ಕು ಕಪ್ ಟೀ ಮಾಡಿಟ್ಟುಕೊಂಡು ಕಾಯುತ್ತಿದ್ದ. "ಸುತ್ತಾಡಿ ಬಂದ್ರಾ? ಚೆನ್ನಾಗಿದೆ ಅಲ್ವಾ ನಮ್ಮ ಜಾಗ?" ಅಂದ.

ಕೇಳಿದಷ್ಟೂ ಕೊಟ್ಟು ತಂದೆವು. ಹೊರಡುವಾಗ ಅವನು ತನ್ನ ಮರದ ನಿಂಬೆಹಣ್ಣು ಒಂದು ಚೀಲ ತುಂಬಿ ಕೊಟ್ಟ. ಅತ್ತೆ ದಾರಿಯುದ್ದಕ್ಕೂ, "ನೋಡಿದ್ರಾ, ಸುಮ್ನೆ ಕೊಟ್ನಾ? ಹೊರಟು ಹೋದ್ವಲ್ಲ, ಅದಕ್ಕೆ ಕೊಟ್ಟ" ಅಂದರು.

ಹುಲ್ಲಿನ ಮೇಲೆ ಪೂಜೆ

ನಿಂಬೆಹಣ್ಣು ಸಿಕ್ಕ ಮೇಲೆ ಕೇಳಬೇಕೆ? ಮರುದಿನವೇ ಗಾಡಿ ಪೂಜೆ. ರಾತ್ರಿಯೆಲ್ಲ ಮಳೆ ಹೊಡೆದು ಮನೆ ಮುಂದಿನ ಹುಲ್ಲು ನೆನೆದು ಮೆತ್ತಗಾಗಿತ್ತು. ಆದರೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಲು ಅದೊಂದೇ ಜಾಗ. ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು "ಈಗ ಮುಂದಕ್ಕೆ ತಗೋ" ಅಂದರು ಅತ್ತೆ.

ಇವರು ತಗೊಂಡರು. ನಿಂಬೆಹಣ್ಣು ಹಿಸುಕಲಿಲ್ಲ, ಹಾಗೇ ಮಣ್ಣಿಗಿಳಿಯಿತು. ಅದರ ಹಿಂದೆಯೇ ಚಕ್ರವೂ ಇಳಿಯಿತು. ಇವರು ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರ ಗಿರಗಿರ ತಿರುಗಿ ನನ್ನ ಸೀರೆಗೆಲ್ಲ ಕೆಸರಿನ ಅಭಿಷೇಕ.

"ಫೋರ್ ವೀಲ್ ಹಾಕ್ರೀ!" ನಾನು ಕೂಗಿದೆ.

"ಮ್ಯಾನುಯಲ್‌ನಲ್ಲಿ ಆ ಚಾಪ್ಟರಿಗೆ ಇನ್ನೂ ಬಂದಿಲ್ಲ ಕಣೆ!"

ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿ ಬೇಲಿಯಾಚೆಯಿಂದ ಎಲ್ಲ ನೋಡುತ್ತಿದ್ದವಳು, ತನ್ನ ಪುಟಾಣಿ ಕಾರು ತಂದು, ಹಗ್ಗ ಕಟ್ಟಿ, ಎಳೆದು ರಸ್ತೆಗೆ ಹಾಕಿದಳು. ಹಗ್ಗ ಸುತ್ತುತ್ತಾ, "ಇದನ್ನ ಎಲ್ಲಿಗೆ ಅಂತ ತಗೊಂಡ್ರಿ?" ಅಂತ ಕೇಳಿದಳು.

"ಕೆಸರಲ್ಲಿ ಓಡಿಸೋಕೆ" ಅಂದರು ಇವರು.

ಗಟ್ಟಿಮೇಳ

ಏಪ್ರಿಲ್ ಮಧ್ಯದಲ್ಲಿ ಜಾನ್ಸನ್‌ವಿಲ್ಲಿನ ಪರಿಚಯದವರು ಮೈಸೂರಿಗೆ ಹೋಗಿಬಂದರು. ಅವರ ಕೈಲಿ ಅತ್ತೆ ಚಟ್ನಿಪುಡಿಯ ಜೊತೆ ಇನ್ನೊಂದು ಪೊಟ್ಟಣ ತರಿಸಿದ್ದರು. ಬಿಚ್ಚಿದರೆ ರಿವರ್ಸ್ ಹಾರ್ನ್! ನಮ್ಮೂರಲ್ಲಿ ಗಾಡಿ ಹಿಂದಕ್ಕೆ ಬರುವಾಗ ಹಾಡುತ್ತದಲ್ಲ, ಅದೇ. ಇದರಲ್ಲಿದ್ದದ್ದು ಮದುವೆಯ ಗಟ್ಟಿಮೇಳ. ಡೋಲು, ನಾಗಸ್ವರ ಎಲ್ಲ ಒಟ್ಟಿಗೆ.

"ಎತ್ತರದ ಗಾಡಿ, ಹಿಂದೆ ಮಕ್ಕಳು ಮರಿ ಬಂದ್ರೆ ಕಾಣುತ್ತೇನೋ? ಹಾಕಿಸು. ನಾನು ಊರಿಗೆ ಹೋಗೋವರೆಗೂ ಬಿಚ್ಚಕೂಡದು. ನನ್ನಾಣೆ."

ಮೊದಲ ದಿನ ಸೂಪರ್‌ಮಾರ್ಕೆಟ್ ಮುಂದೆ ಇವರು ರಿವರ್ಸ್ ಹಾಕಿದರು. ಇಡೀ ಪಾರ್ಕಿಂಗ್ ತಿರುಗಿ ನೋಡಿತು. ಹಿಂದಿನ ಸೀಟಿನಲ್ಲಿದ್ದ ನಮ್ಮ ಮಗಳು "ಓ ಮೈ ಗಾಡ್, ಡ್ಯಾಡ್, ಸ್ಟಾಪ್!" ಅಂತ ಸೀಟಿನ ಕೆಳಗೆ ನುಸುಳಿದಳು. ಅಷ್ಟರಲ್ಲಿ ಎರಡು ಪುಟ್ಟ ಮಕ್ಕಳು ಓಡಿ ಬಂದು ಕಿಟಕಿ ತಟ್ಟಿ, ತಮಗೆ ಚಾಕಲೇಟ್ ಕೋನ್ ಬೇಕು ಅಂದವು. ಐಸ್‌ಕ್ರೀಮ್ ಗಾಡಿ ಅಂದುಕೊಂಡಿದ್ದವು.

ಅಲ್ಲಿಂದ ಎರಡು ವಾರ ನಮ್ಮವರು ಜೀವನದಲ್ಲಿ ಮುಂದೆ ಮಾತ್ರ ಹೋದರು.

ಆ ಶನಿವಾರ

ಬಂತು ಮೇ ತಿಂಗಳು. ಬೆಳಗಾಗುವ ಮುಂಚೆ, ಹಾರ ಹಾಕಿಕೊಂಡೇ ಗಾಡಿ ಹೊರಟಿತು. ತಾನಾಗೇ ಒಣಗಿ ಬೀಳುವ ತನಕ ಹಾರ ತೆಗೆಯಬಾರದು ಅಂತ ಅತ್ತೆಯ ಇನ್ನೊಂದು ಕಟ್ಟಳೆ, ವಾರಕ್ಕೊಮ್ಮೆ ಹೊಸದು ಹಾಕುತ್ತಿದ್ದವರೂ ಅವರೇ. ನಾನು ಹುಳಿಯನ್ನದ ಡಬ್ಬಿ ಕೊಟ್ಟು "ಧೈರ್ಯವಾಗಿರಿ" ಅಂದೆ. ಮಗುವನ್ನು ಮೊದಲ ದಿನ ಶಾಲೆಗೆ ಕಳಿಸಿದಂತಾಯಿತು.

ಅಲ್ಲಿ ನಡೆದದ್ದು ಇವರೇ ಹೇಳಿದ್ದು. ಗಾಡಿ ಕೆಸರಿನಲ್ಲಿ ಚಿನ್ನದಂತೆ ಹೋಯಿತಂತೆ. ಮ್ಯಾನೇಜರ್ ಬೆನ್ನು ತಟ್ಟಿದನಂತೆ. ಇವರು ಮಂಡಿಯುದ್ದ ನೀರಿಗಿಳಿದು ಪ್ಲಾಸ್ಟಿಕ್ ಬಾತುಕೋಳಿಗಳನ್ನು ಸಾಲಾಗಿ ಬಿಟ್ಟರಂತೆ. ಕೆರೆಯ ಆಚೆ ದಡದಲ್ಲಿ ನಿಜವಾದವು ನೂರಾರು. ಜೊಂಡಿನ ಮರೆಯಲ್ಲಿ ಐದು ಜನ ಬಂದೂಕು ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದಾರೆ. ಸರ್ಕಾರ ಹೇಳಿದ ಹೊತ್ತಿಗೆ ಮುಂಚೆ ಒಂದು ಗುಂಡೂ ಹಾರಿಸುವಂತಿಲ್ಲ. ಇನ್ನು ಐದೇ ನಿಮಿಷ.

ಆಗ ಮ್ಯಾನೇಜರ್ ಕಿವಿಯಲ್ಲಿ ಹೇಳಿದ: "ನಿನ್ನ ಗಾಡಿಯ ಹೂವು ಎದ್ದು ಕಾಣ್ತಿದೆ. ಸದ್ದು ಮಾಡದೆ ಮರದ ಕೆಳಗೆ ನಿಲ್ಲಿಸಿ ಬಾ."

ಇವರು ಹೋಗಿ ಗಾಡಿಯಲ್ಲಿ ಕೂತರು. ಮುಂದೆ ಕೆರೆ, ಎಡಕ್ಕೆ ಬೇಲಿ, ಬಲಕ್ಕೆ ಹಳ್ಳ. ಮರ ಇದ್ದದ್ದು ಹಿಂದೆ.

ವೈರಾರಾಪದ ಆ ಮೌನದಲ್ಲಿ ಗಟ್ಟಿಮೇಳ ಮೊಳಗಿತು. ನೂರಾರು ಬಾತುಕೋಳಿಗಳು ಒಟ್ಟಿಗೆ ಎದ್ದು ಪಕ್ಕದ ಫಾರ್ಮಿನ ಕಡೆ ಹಾರಿದವು. ಬೇಟೆನಾಯಿ ಮೂತಿ ಮೇಲೆತ್ತಿ ನಾಗಸ್ವರದ ಜೊತೆ ಊಳಿಟ್ಟಿತು. ಗಾಬರಿಯಲ್ಲಿ ಇವರಿಗೆ ಗೇರ್ ಬದಲಿಸಲು ತೋಚದೆ ಮರದ ತನಕ ಪೂರ್ತಿ ವಾದ್ಯ ಬಾರಿಸಿಕೊಂಡೇ ಹೋದರು. ಸರಿಯಾದ ಹೊತ್ತಿಗೆ ಐದು ಜನ ಎದ್ದು ನಿಂತು ಖಾಲಿ ಆಕಾಶಕ್ಕೆ ಗುರಿಯಿಟ್ಟರು.

ಮಧ್ಯಾಹ್ನ ಮನೆಗೆ ಬಂದವರು ಶೂ ಬಿಚ್ಚದೆ ಸೋಫಾದ ಮೇಲೆ ಕೂತರು. "ಇನ್ನು ನನ್ನ ಯಾರೂ ಕರೆಯಲ್ಲ ಕಣೆ" ಅಂದರು. ನನಗೆ ನಗು ಬರುತ್ತಿತ್ತು, ಆದರೆ ಆ ಮುಖ ನೋಡಿ ತಡೆದುಕೊಂಡೆ. ಅಷ್ಟರಲ್ಲಿ ಫೋನ್ ಟಿಣ್ ಅಂದಿತು. ಮ್ಯಾನೇಜರಿನ ಮೆಸೇಜು. ಇವರಿಗೆ ಓದಲು ಧೈರ್ಯವಿಲ್ಲ, ನಾನೇ ಓದಿದೆ: "ಇಷ್ಟು ನಕ್ಕು ವರ್ಷಗಳೇ ಆಗಿತ್ತು. ಎಲ್ಲರೂ ನಿನ್ನನ್ನೇ ಕೇಳ್ತಿದಾರೆ. ಮುಂದಿನ ವರ್ಷ ಖಂಡಿತ ಬಾ. ಆದ್ರೆ ಪಕ್ಕದ ಫಾರ್ಮಿನವನ ಕೆರೆ ಹತ್ತಿರ ರಿವರ್ಸ್ ಹಾಕು."

ಇವರು ಎದ್ದು ಕುಣಿಯುವುದೊಂದು ಬಾಕಿ. "ಅಮ್ಮಾ! ಫಾರ್ಮ್ ನೋಡೋಕೆ ಮುಂದಿನ ವರ್ಷವೂ ಕರೆದಿದಾರೆ!"

ಅತ್ತೆ ಕಾಫಿ ಲೋಟ ಕೈಗಿಟ್ಟು, "ಒಳ್ಳೇದಾಯ್ತು, ಹೋಗು. ಹಾರ್ನ್ ಮಾತ್ರ ಬಿಚ್ಬೇಡ" ಅಂದರು. ಆಮೇಲೆ ನಿಧಾನವಾಗಿ, "ಒಂದು ಜೀವವೂ ಸಾಯಲಿಲ್ಲ ತಾನೆ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ನಿಂಗ್ಯಾರಮ್ಮ ಹೇಳಿದ್ದು?" ಅಂದರು ಇವರು.

ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ಹೇಳಿದರು: "ಯಾರು ಹೇಳ್ಬೇಕೋ? ಕುಂಕುಮಕ್ಕೆ ಎಲ್ಲಾದ್ರೂ ಕೂದಲಿರುತ್ತಾ?"