ಹವಾಲ್ದಾರರ ಗಂಟು

ಮಾಜಿ ಹವಾಲ್ದಾರ್ ಚಿಕ್ಕತಿಮ್ಮಪ್ಪನವರ ಎದೆಯ ಎಡಗಡೆ ಒಂದು ಗಂಟು ಎದ್ದಿತ್ತು. ಗುಂಡಿಗೆ ಹೆದರದೆ ಗಡಿ ಕಾದು ಬಂದವರು ಹುಣಸೆಬೀಜದಷ್ಟಿದ್ದ ಈ ಗಂಟಿಗೆ ನಿದ್ದೆಗೆಟ್ಟರು. ಸಾವಿಗಿಂತ ಅವರಿಗೆ ನಾಚಿಕೆಯೇ ದೊಡ್ಡದಾಗಿತ್ತು. ಹೆಂಗಸರ ಕಾಯಿಲೆ ಹವಾಲ್ದಾರರಿಗೆ ಬಂತು ಅಂದರೆ ಜವನಗೊಂಡನಹಳ್ಳಿಯ ಜನ ಸುಮ್ಮನೆ ಬಿಟ್ಟಾರೆಯೇ?

ಅಷ್ಟರಲ್ಲಿ, ಮಾಜಿ ಸೈನಿಕರ ಮನೆಯ ಹೆಂಗಸರ ಸ್ತನ ತಪಾಸಣೆಗೆ ಊರಿಗೇ ಒಂದು ಬಸ್ಸು ಬರುವ ಸುದ್ದಿ ಬಂತು. ಬಸ್ಸಿನಲ್ಲಿ ಯಂತ್ರ, ಅದು ತೆಗೆದ ಚಿತ್ರ ನೋಡಿ ಹೇಳಲು ಬೆಂಗಳೂರಿನಲ್ಲಿ ಡಾಕ್ಟರು.

"ಲೇ ಈರಿ, ನಿಂಗೆ ಗಂಟೈತೆ ಅಂತ ಹೇಳಾಣ. ಒಳಿಕ್ಕೆ ಹೋದ್ಮೇಲೆ ನಾನು ತೋರಿಸ್ಕಂತೀನಿ," ಎಂದರು ಹೆಂಡತಿಗೆ.

"ಹೇಳ್ರಿ, ನಂಗೇನು? ಗುಂಡುಕಲ್ಲಿನಂಗಿದೀನಿ," ಎಂದಳು ಈರಕ್ಕ.

ಈರಕ್ಕನಿಗೆ ಗಂಟು ಎಂಬ ಮಾತು ಪಕ್ಕದ ಮನೆಯ ಕಾಟಲಿಂಗಪ್ಪನ ಕಿವಿಗೆ ಬಿದ್ದಿದ್ದೇ ತಡ, ಊರಿಗೆಲ್ಲ ಗೊತ್ತಾಯಿತು. ಬಸ್ಸು ಬರುವ ದಿನ ಬೆಳಗ್ಗೆ ಅಂಗಳದ ತುಂಬ ಜನ. ಒಬ್ಬಳು ಈರಕ್ಕನ ಕೈ ಹಿಡಿದು ಅತ್ತಳು. ಇನ್ನೊಬ್ಬಳು ಸೊಪ್ಪು ಅರೆದು ತಂದು ರವಿಕೆ ಬಿಚ್ಚು ಅಂದಳು. ಕಾಟಲಿಂಗಪ್ಪ ಹವಾಲ್ದಾರರನ್ನೇ ಬಿಗಿಯಾಗಿ ತಬ್ಬಿಕೊಂಡ. ಗಂಟು ಅಮುಕಿ ಅವರ ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ್ರಿ. ಹೆಂಡ್ತಿ ಮ್ಯಾಲೆ ಇಷ್ಟು ಪ್ರೀತಿ ಇಟ್ಕಂಡಿರೋರು ನಮ್ಮೂರಾಗೆ ಯಾರವ್ರೆ?" ಎಂದು ಅವನು ಇನ್ನಷ್ಟು ಬಿಗಿಯಾಗಿ ತಬ್ಬಿದ.

ಎಲ್ಲರೂ ಬಸ್ಸಿನ ತನಕ ಬಂದರು. ಬಾಗಿಲಲ್ಲಿ ನರ್ಸು ತಡೆದಳು.

"ಗಂಡಸರು ಹೊರಗೇ ಇರ್ರಿ."

"ನಾನು ಮಿಲ್ಟ್ರಿಯವ್ನಮ್ಮ."

"ಮಿಲ್ಟ್ರಿಯಾದ್ರೆ ಗಂಡಸರಲ್ವಾ?"

ಜನ ಕಿಸಕ್ಕನೆ ನಕ್ಕರು. "ಒಬ್ಳಿಗೇ ದಿಗಿಲಾಗ್ತೈತೆ ಕಣಮ್ಮ," ಎಂದು ಈರಕ್ಕ ಗಂಡನ ತೋಳು ಹಿಡಿದು ಒಳಗೆಳೆದುಕೊಂಡಳು.

ಒಳಗೆ ನಿಜ ಹೇಳಿದಾಗ ನರ್ಸು ನಗಲಿಲ್ಲ. ಗಂಡಸರಿಗೂ ಬರುತ್ತದೆ ಎಂದು ಅವರನ್ನೇ ಮೊದಲು ಯಂತ್ರದ ಮುಂದೆ ನಿಲ್ಲಿಸಿದಳು. ಯಂತ್ರ ಅವರ ಎದೆಯನ್ನು ರೊಟ್ಟಿಯಂತೆ ಒತ್ತಿತು. "ಬಂದಿದೀರಲ್ಲ, ನೀವೂ ಮಾಡಿಸ್ಕಳ್ರಿ," ಎಂದು ಈರಕ್ಕನನ್ನೂ ನಿಲ್ಲಿಸಿದಳು.

ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಪರದೆಯ ಮೇಲೆ ಬೆಂಗಳೂರಿನ ಡಾಕ್ಟರ ಮುಖ ಮೂಡಿತು. "ಹವಾಲ್ದಾರರೇ, ನಿಮ್ಮದು ಬರೀ ಕೊಬ್ಬಿನ ಗಂಟು. ಏನೂ ಹೆದರಬೇಡಿ."

ಚಿಕ್ಕತಿಮ್ಮಪ್ಪ ಪರದೆಗೇ ಸೆಲ್ಯೂಟ್ ಹೊಡೆದರು.

"ಆದ್ರೆ ನಿಮ್ಮ ಮನೆಯವರದ್ದು ನಂಗೆ ಸರಿ ಕಾಣ್ತಿಲ್ಲ. ಕೈಗೆ ಸಿಗದ ಗಂಟೊಂದು ಒಳಗಿದೆ. ತಡ ಮಾಡದೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬನ್ನಿ."

ಈರಕ್ಕ ಸೆರಗು ಸರಿಮಾಡಿಕೊಂಡಳು. ಹವಾಲ್ದಾರರು ಅವಳ ತೋಳು ಹಿಡಿದು ಬಾಗಿಲ ಕಡೆ ನಡೆದರು.

ಬಾಗಿಲು ತೆಗೆದೊಡನೆ ಕಾಟಲಿಂಗಪ್ಪ ಮುಂದೆ ಬಂದ. "ಏನಂದ್ರು?"

ಹವಾಲ್ದಾರರಿಗೆ ಈಗ ಯಾವ ನಾಚಿಕೆಯೂ ಉಳಿದಿರಲಿಲ್ಲ. "ಗಂಟು ನಂದು ಕಣ್ರಪ್ಪ! ನನ್ನ ಎದ್ಯಾಗೈತೆ, ನೋಡ್ರಿ! ಇವ್ಳಿಗೇನೂ ಇಲ್ಲ, ಏನೂ ಇಲ್ಲ!" ಎಂದು ಅಂಗಿ ಬಿಚ್ಚಿ ಕೂಗಿದರು.

ಬೆಳಗ್ಗೆ ಈರಕ್ಕನಿಗಾಗಿ ಅತ್ತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹವಾಲ್ದಾರರೊಬ್ಬರೇ ಅತ್ತರು.